ಗೈಡನ್ನು ಆರಿಸುವ ಮುನ್ನ ಅವರ ವೃತ್ತಿಚರಿತ್ರೆಯನ್ನು ಓದಿರಿ

ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿ, ಅಮೆರಿಕದ ಯಾವುದಾದರೊಂದು ಸಂಶೋಧನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಅಭಿಲಾಷೆಯನ್ನು ಹೊತ್ತ ತರುಣ ತರುಣಿಯರು ಮೊದಲು ಎಡವುವುದು ಆ ವಿಶ್ವವಿದ್ಯಾಲಯದ ಅಧ್ಯಾಪಕರ ಪಟ್ಟಿಯ ಮುಂದೆ. ಐವತ್ತು ಅರುವತ್ತು ಹೆಸರುಗಳು. ಪ್ರತಿಯೊಂದು ಹೆಸರಿನ ಕೆಳಗೂ ಪ್ರೊಫೆಸರ್ ಎಂಬ ಶಬ್ದ. ಆ ಶಬ್ದದ ಹಿಂದೆ ಮುಂದೆ ಅಸಿಸ್ಟೆಂಟ್, ಅಸೋಸಿಯೇಟ್, ಅಡ್ಜಂಕ್ಟ್, ರಿಸರ್ಚ್, ಟೀಚಿಂಗ್, ಎಮೆರಿಟಸ್ ಎಂಬ ವಿಶೇಷಣಗಳು. ಇವರಲ್ಲಿ ಯಾರು ಶಿಷ್ಯರನ್ನು ತೆಗೆದುಕೊಳ್ಳಬಲ್ಲರು, ಯಾರು ತೆಗೆದುಕೊಳ್ಳಲಾರರು, ಯಾರು ನಾಲ್ಕು ವರ್ಷದ ಮೇಲೂ ಅಲ್ಲಿಯೇ ಇರುತ್ತಾರೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಹೀಗಾಗಿ ಅವರು ಒಂದೇ ಪತ್ರವನ್ನು ಸಿದ್ಧಪಡಿಸಿ, ಹೆಸರನ್ನು ಮಾತ್ರ ಬದಲಿಸಿ, ಎಲ್ಲರಿಗೂ ಕಳುಹಿಸಿ, ಉತ್ತರ ಬಾರದಿದ್ದಾಗ ತಮ್ಮ ಯೋಗ್ಯತೆಯನ್ನೇ ಶಂಕಿಸತೊಡಗುತ್ತಾರೆ.

ಈ ತೊಡಕಿಗೆ ಕಾರಣವುಂಟು. ನಮ್ಮಲ್ಲಿ ವಿದ್ಯಾರ್ಥಿಯು ಮೊದಲು ಅರ್ಹತಾ ಪರೀಕ್ಷೆಯನ್ನು ದಾಟಿ ವಿಭಾಗವನ್ನು ಹೊಕ್ಕು, ಆ ಮೇಲೆ ವಿಭಾಗವು ಅವನಿಗೊಬ್ಬ ಗೈಡನ್ನು ಗೊತ್ತುಮಾಡುವ ಪದ್ಧತಿಯೇ ಬಹುಮಟ್ಟಿಗೆ ರೂಢಿಯಲ್ಲಿದೆ. ಅಮೆರಿಕದ ಮನಃಶಾಸ್ತ್ರ ವಿಭಾಗಗಳಲ್ಲಿ ಕ್ರಮವು ಬಹುಪಾಲು ತಲೆಕೆಳಗು. ಅಲ್ಲಿ ಅರ್ಜಿಯನ್ನು ಸಲ್ಲಿಸುವುದು ವಿಭಾಗಕ್ಕಾದರೂ ನಿಮ್ಮನ್ನು ಆರಿಸುವುದು ಒಬ್ಬ ನಿರ್ದಿಷ್ಟ ಪ್ರಾಧ್ಯಾಪಕರು. ಅವರು ಆ ವರ್ಷ ಶಿಷ್ಯರನ್ನು ತೆಗೆದುಕೊಳ್ಳದಿದ್ದರೆ ನಿಮ್ಮ ಅಂಕಗಳು ಎಷ್ಟಿದ್ದರೂ ಅರ್ಜಿಗೆ ಗತಿಯಿಲ್ಲ. ಒಮ್ಮೆ ಆರಿಸಿದರೆಂದರೆ ಐದಾರು ವರ್ಷಗಳ ಕಾಲ ನಿಮ್ಮ ವಿಷಯ, ವೇತನ, ಪ್ರಕಟಣೆ, ಶಿಫಾರಸು ಪತ್ರ, ಎಲ್ಲವೂ ಅವರ ಕೈಯನ್ನು ಹಾದು ಬರತಕ್ಕವು. ಮದುವೆಯ ಮಾತಿಗೆ ಮುನ್ನ ಜಾತಕವನ್ನು ಇಬ್ಬರು ಮೂವರು ಜೋಯಿಸರಿಗೆ ತೋರಿಸುವ ಮನೆತನದ ಮಕ್ಕಳು, ಇಂತಹ ನಿರ್ಧಾರವನ್ನು ಒಂದು ಭಾವಚಿತ್ರವನ್ನೂ ನಾಲ್ಕು ಸಾಲು ಪರಿಚಯವನ್ನೂ ನೋಡಿ ಮಾಡಿಬಿಡುವುದು ವಿಚಿತ್ರವೇ ಸರಿ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಪ್ರಾಧ್ಯಾಪಕರ ಕೀರ್ತಿಗಿಂತಲೂ, ತಮ್ಮ ವೃತ್ತಿಜೀವನದ ಯಾವ ಘಟ್ಟದಲ್ಲಿ ಅವರು ಈಗ ನಿಂತಿದ್ದಾರೆ ಎಂಬುದು ನಿಮ್ಮ ಸಂಶೋಧನೆಯ ವರ್ಷಗಳನ್ನು ಹೆಚ್ಚಾಗಿ ರೂಪಿಸುತ್ತದೆ. ಆ ಘಟ್ಟವನ್ನು ಹೊರಗಿನಿಂದಲೇ ಓದಿ ತಿಳಿಯಲು ಸಾಧ್ಯ.

ವೃತ್ತಿಯ ಪೂರ್ವೇತಿಹಾಸ, ಸಂಕ್ಷೇಪವಾಗಿ

ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಶಾಲೆಯನ್ನು ತೆರೆದ ಮೇಲೆ, ಅಲ್ಲಿ ಕಲಿತು ಹಿಂದಿರುಗಿದ ಅಮೆರಿಕನ್ನರು ತಮ್ಮ ದೇಶದಲ್ಲಿ ಆಗತಾನೆ ತಲೆಯೆತ್ತುತ್ತಿದ್ದ ಸಂಶೋಧನ ವಿಶ್ವವಿದ್ಯಾಲಯಗಳಲ್ಲಿ ಈ ಶಾಸ್ತ್ರವನ್ನು ನೆಲೆಗೊಳಿಸಿದರು. 1876ರಲ್ಲಿ ಸ್ಥಾಪಿತವಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಹಾಲ್ 1883ರಲ್ಲಿ ಪ್ರಯೋಗಶಾಲೆಯನ್ನು ಆರಂಭಿಸಿದರು. ವುಂಟರ ಶಿಷ್ಯರಾದ ಜೇಮ್ಸ್ ಮೆಕೀನ್ ಕ್ಯಾಟೆಲ್ 1888ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂಬ ಪದವಿಯನ್ನು ಆ ದೇಶದಲ್ಲಿ ಮೊದಲಿಗರಾಗಿ ಪಡೆದರು. ಇದೇ ಕ್ಯಾಟೆಲ್ ಮುಂದೆ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿದ್ದಾಗ, ಬಲಾತ್ಕಾರದಿಂದ ಸೈನ್ಯಕ್ಕೆ ಸೇರಿಸಿಕೊಂಡವರನ್ನು ಯೂರೋಪಿನ ಯುದ್ಧಕ್ಕೆ ಕಳುಹಿಸುವುದನ್ನು ವಿರೋಧಿಸಿ ಶಾಸಕರಿಗೆ ಪತ್ರ ಬರೆದು, 1917ರಲ್ಲಿ ಕೆಲಸವನ್ನು ಕಳೆದುಕೊಂಡರು. ಇಂತಹ ಪ್ರಸಂಗಗಳಿಂದ ಅಧ್ಯಾಪಕರನ್ನು ಕಾಪಾಡಬೇಕೆಂಬ ಆಲೋಚನೆ ಬಲವಾಗಿ, 1915ರಲ್ಲಿ ಸ್ಥಾಪಿತವಾಗಿದ್ದ ಅಮೆರಿಕದ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘವು 1940ರಲ್ಲಿ ಕಾಲೇಜುಗಳ ಸಂಘದೊಡನೆ ಸೇರಿ ಒಂದು ತತ್ತ್ವಪ್ರಕಟಣೆಯನ್ನು ಹೊರಡಿಸಿತು: ಪರೀಕ್ಷಾಕಾಲವು ಏಳು ವರ್ಷಗಳನ್ನು ಮೀರಕೂಡದು; ಅಷ್ಟರೊಳಗೆ ಅಧ್ಯಾಪಕರಿಗೆ ಸ್ಥಿರನೇಮಕವನ್ನು ಕೊಡಬೇಕು, ಇಲ್ಲವೇ ಕಳುಹಿಸಬೇಕು. ಟೆನ್ಯೂರ್ ಎಂದು ಎಲ್ಲರೂ ಕರೆಯುವುದು ಈ ಸ್ಥಿರನೇಮಕವನ್ನೇ.

ಮೈಸೂರು ವಿಶ್ವವಿದ್ಯಾಲಯಕ್ಕೆ ಈ ಶಾಸ್ತ್ರ ಬಂದದ್ದು 1924ರಲ್ಲಿ, ಲಂಡನ್ನಿನಲ್ಲಿ ಸ್ಪಿಯರ್ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿಯವರಿಂದ. ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದವರೂ ಅವರೇ. ಇಂದಿನ ಟೆನ್ಯೂರ್ ಸಮಿತಿಯು ಅಂತಹ ಕಾರ್ಯವನ್ನು ‘ಸೇವೆ’ ಎಂಬ ಕೊನೆಯ ಅಂಕಣದಲ್ಲಿ ಬರೆದುಕೊಂಡು, ಪ್ರಬಂಧಗಳೆಷ್ಟು ಎಂದು ಕೇಳಿ ಮುಂದೆ ಸಾಗುತ್ತಿತ್ತು ಎಂಬ ಅನುಮಾನ ನನಗಿದೆ.

ಮೆಟ್ಟಿಲುಗಳು, ಮತ್ತು ಅವು ಶಿಷ್ಯನಿಗೆ ಮುಖ್ಯವಾಗುವ ಕಾರಣ

ಡಾಕ್ಟರೇಟ್ ಪಡೆದವರು ಸಾಮಾನ್ಯವಾಗಿ ಒಂದೆರಡು ವರ್ಷ, ಎಷ್ಟೋ ಸಲ ಅದಕ್ಕಿಂತ ಹೆಚ್ಚು ಕಾಲ, ಬೇರೊಬ್ಬರ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಆಗಿ ದುಡಿದು, ಆ ಬಳಿಕ ಅಸಿಸ್ಟೆಂಟ್ ಪ್ರೊಫೆಸರ್ ಆಗುತ್ತಾರೆ. ಪ್ರಯೋಗಾಲಯವನ್ನು ಕಟ್ಟಿಕೊಳ್ಳಲು ವಿಶ್ವವಿದ್ಯಾಲಯವು ಅವರಿಗೆ ಒಂದು ಆರಂಭಿಕ ನಿಧಿಯನ್ನು ಕೊಡುತ್ತದೆ. ಆ ದಿನದಿಂದ ಗಡಿಯಾರ ಓಡತೊಡಗುತ್ತದೆ. ಆರನೆಯ ವರ್ಷದಲ್ಲಿ ಅವರ ಸಮಗ್ರ ಕೃಷಿಯನ್ನು ಪರಿಶೀಲನೆಗೆ ಒಡ್ಡಲಾಗುವುದು: ಬೇರೆ ವಿಶ್ವವಿದ್ಯಾಲಯಗಳ ಹಿರಿಯರಿಂದ ಗೋಪ್ಯ ಅಭಿಪ್ರಾಯ ಪತ್ರಗಳು ಬರುತ್ತವೆ, ವಿಭಾಗದ ಹಿರಿಯರು ಮತ ನೀಡುತ್ತಾರೆ, ಮೇಲಿನ ಸಮಿತಿಗಳು ಒಂದಾದ ಮೇಲೊಂದು ನೋಡುತ್ತವೆ. ಸಂಶೋಧನೆ, ಬೋಧನೆ, ಸೇವೆ ಎಂಬ ಮೂರು ಶೀರ್ಷಿಕೆಗಳು ಕಾಗದದ ಮೇಲೆ ಸಮವಾಗಿ ಕಂಡರೂ, ಸಂಶೋಧನ ವಿಶ್ವವಿದ್ಯಾಲಯದಲ್ಲಿ ಮೊದಲನೆಯದರ ತೂಕವೇ ತೂಕ. ಗೆದ್ದವರು ಅಸೋಸಿಯೇಟ್ ಪ್ರೊಫೆಸರ್ ಆಗಿ ಸ್ಥಿರಗೊಳ್ಳುತ್ತಾರೆ. ಸೋತವರಿಗೆ ಸಾಮಾನ್ಯವಾಗಿ ಇನ್ನೊಂದು ವರ್ಷದ ಅವಕಾಶವಿದ್ದು, ಅದು ಮುಗಿದೊಡನೆ ಅವರು ಹೊರಡಬೇಕು.

ಈ ವ್ಯವಸ್ಥೆಯ ಪರಿಣಾಮವನ್ನು ಶಿಷ್ಯನ ಕಡೆಯಿಂದ ನೋಡಿರಿ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ನಿಮ್ಮ ಅಗತ್ಯ ನಿಮಗೆ ಅವರ ಅಗತ್ಯವಿರುವಷ್ಟೇ ಇದೆ. ಅವರು ಬೆಳಗಾದರೆ ಪ್ರಯೋಗಾಲಯದಲ್ಲಿರುತ್ತಾರೆ, ನಿಮ್ಮ ಪಕ್ಕದಲ್ಲಿ ಕುಳಿತು ದತ್ತಾಂಶವನ್ನು ತಿದ್ದುತ್ತಾರೆ, ನಿಮ್ಮ ಪ್ರಬಂಧ ಬೇಗ ಅಚ್ಚಾಗಲೆಂದು ನಿಮಗಿಂತ ಹೆಚ್ಚು ಆತುರಪಡುತ್ತಾರೆ. ಇದಕ್ಕೊಂದು ಐತಿಹಾಸಿಕ ನಿದರ್ಶನವನ್ನು ಕೊಡಬಹುದು. ಬಿ.ಎಫ್. ಸ್ಕಿನ್ನರ್ 1931ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದು, ಐದು ವರ್ಷ ಅಲ್ಲಿಯೇ ಫೆಲೊ ಆಗಿದ್ದು, 1936ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಉಪಾಧ್ಯಾಯರಾಗಿ ಸೇರಿದರು. ಅಲ್ಲಿ ಅವರಿಗೆ ವಿಲಿಯಂ ಎಸ್ಟೆಸ್ ಎಂಬ ವಿದ್ಯಾರ್ಥಿ ದೊರೆತರು. ಭಯದ ಸೂಚನೆ ದೊರೆತಾಗ ಇಲಿಯು ತಾನು ಮಾಡುತ್ತಿದ್ದ ಕೆಲಸವನ್ನು ತಗ್ಗಿಸುವ ಬಗೆಯನ್ನು ಅಳೆದ ಅವರ ಪ್ರಸಿದ್ಧ ಪ್ರಬಂಧವು 1941ರಲ್ಲಿ ಅಚ್ಚಾದಾಗ ಮೊದಲ ಹೆಸರು ಎಸ್ಟೆಸರದು, ಎರಡನೆಯದು ಸ್ಕಿನ್ನರರದು. ಎಸ್ಟೆಸ್ 1943ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಗಣಿತೀಯ ಮನಃಶಾಸ್ತ್ರದ ಪ್ರವರ್ತಕರಲ್ಲೊಬ್ಬರಾಗಿ, 1997ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕಕ್ಕೆ ಭಾಜನರಾದರು. ಸ್ಕಿನ್ನರರ ವಿಶ್ವಖ್ಯಾತಿ ಇನ್ನೂ ಬರಬೇಕಾಗಿದ್ದ ದಿನಗಳಲ್ಲಿ ಅವರ ಬಳಿ ಸೇರಿದವರಿಗೆ ದಕ್ಕಿದ ಫಲವಿದು. 1948ರಲ್ಲಿ ಹಾರ್ವರ್ಡಿಗೆ ಮರಳಿ, ಮುಂದೆ ದತ್ತಿಪೀಠವನ್ನೇರಿದ ಸ್ಕಿನ್ನರರ ಬಳಿಗೆ ಹೋದವರಿಗೆ ಸಿಕ್ಕಿದ್ದು ಹೆಚ್ಚು ಪ್ರಭೆಯುಳ್ಳ, ಹೆಚ್ಚು ಕಾರ್ಯಮಗ್ನರಾದ ಬೇರೊಬ್ಬ ಸ್ಕಿನ್ನರ್.

ಹಾಗೆಂದು ಕಿರಿಯರೇ ಮೇಲು ಎಂದಲ್ಲ. ಅವರು ಟೆನ್ಯೂರ್ ಪಡೆಯದೆ ಹೊರಟುಹೋದರೆ ನಡುನೀರಿನಲ್ಲಿ ಉಳಿಯುವವರು ನೀವು. ಟೆನ್ಯೂರ್ ಪಡೆದು ಎರಡು ಮೂರು ವರ್ಷವಾಗಿರುವ ಅಸೋಸಿಯೇಟ್ ಪ್ರೊಫೆಸರ್ ದೊರೆತರೆ, ಸ್ಥೈರ್ಯವೂ ಉತ್ಸಾಹವೂ ಒಂದೆಡೆ ಕೂಡಿರುವುದರಿಂದ, ವಿದೇಶೀ ವಿದ್ಯಾರ್ಥಿಗೆ ಅದಕ್ಕಿಂತ ಉತ್ತಮವಾದ ಆಶ್ರಯವಿಲ್ಲವೆಂದು ನನ್ನ ಅಭಿಮತ. ಪೂರ್ಣ ಪ್ರೊಫೆಸರ್ ಆದವರ ಬಳಿ ಹಣ, ಸಂಪರ್ಕ, ಒಂದು ಸಾಲಿನಲ್ಲಿ ಉದ್ಯೋಗ ಕೊಡಿಸಬಲ್ಲ ಶಿಫಾರಸು ಪತ್ರ, ಇವೆಲ್ಲ ಇರುತ್ತವೆ. ಆದರೆ ದಿನನಿತ್ಯದ ಮಾರ್ಗದರ್ಶನವು ಪೋಸ್ಟ್‌ಡಾಕ್‌ಗಳಿಂದ ದೊರೆಯುತ್ತದೆಯೇ ಹೊರತು ಅವರಿಂದಲ್ಲ, ಅದರಲ್ಲಿಯೂ ಅವರು ವಿಭಾಗದ ಮುಖ್ಯಸ್ಥರೋ ಡೀನರೋ ಆಗಿದ್ದರೆ.

ಓದುವ ಕ್ರಮ

1. *ವಿಶೇಷಣವನ್ನು ನೋಡಿರಿ.* ಯಾವ ವಿಶೇಷಣವೂ ಇಲ್ಲದ ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್, ಈ ಮೂವರು ಸಾಮಾನ್ಯವಾಗಿ ಪಿಎಚ್.ಡಿ. ಶಿಷ್ಯರನ್ನು ತೆಗೆದುಕೊಳ್ಳಬಲ್ಲವರು. ಟೀಚಿಂಗ್ ಪ್ರೊಫೆಸರ್ ಮತ್ತು ಲೆಕ್ಚರರ್ ಮುಖ್ಯವಾಗಿ ಬೋಧನೆಗೆ ನೇಮಕವಾದವರು. ಅಡ್ಜಂಕ್ಟ್ ಎಂದರೆ ಹೆಚ್ಚಾಗಿ ಅರೆಕಾಲಿಕರು. ವಿಸಿಟಿಂಗ್ ಎಂಬವರು ಕೆಲವು ಕಾಲದ ಅತಿಥಿಗಳು. ಎಮೆರಿಟಸ್ ಎಂಬವರು ನಿವೃತ್ತರು. ರಿಸರ್ಚ್ ಪ್ರೊಫೆಸರ್ ಆದವರ ಸಂಬಳವೇ ಬಹುಪಾಲು ಅನುದಾನದಿಂದ ಬರುವುದರಿಂದ ಅನುದಾನ ನಿಂತರೆ ಹುದ್ದೆಗೂ ಕುತ್ತು. ಅಫಿಲಿಯೇಟ್ ಎಂದಿದ್ದರೆ ಅವರ ಮೂಲ ಮನೆ ವೈದ್ಯಕೀಯ ಶಾಲೆಯಲ್ಲೋ ಶಿಕ್ಷಣ ವಿಭಾಗದಲ್ಲೋ ಇರಬಹುದು. ಇನ್ನು ಯಾರದೋ ಹೆಸರನ್ನು ಹೊತ್ತ ಪೀಠಗಳ ವಿಚಾರ: ಸ್ಕಿನ್ನರ್ 1958ರಲ್ಲಿ ಹಾರ್ವರ್ಡಿನಲ್ಲಿ ‘ಎಡ್ಗರ್ ಪಿಯರ್ಸ್ ಪ್ರೊಫೆಸರ್’ ಆದಂತೆ, ಅಂತಹ ಹೆಸರು ಗೌರವವನ್ನು ಸೂಚಿಸುತ್ತದೆ, ಸಂಶೋಧನೆಯ ವಿಷಯವನ್ನಲ್ಲ.

2. *ಎರಡು ಇಸವಿಗಳನ್ನು ಬರೆದಿಟ್ಟುಕೊಳ್ಳಿರಿ:* ಡಾಕ್ಟರೇಟ್ ಪಡೆದ ವರ್ಷ, ಈ ವಿಶ್ವವಿದ್ಯಾಲಯಕ್ಕೆ ಸೇರಿದ ವರ್ಷ. ಇವೆರಡೂ ಅವರ ಸಿ.ವಿ.ಯ ಮೊದಲ ಪುಟದಲ್ಲಿಯೇ ಇರುತ್ತವೆ. ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದರೆ ಆರನ್ನು ಎಣಿಸಿರಿ. 2022ರ ಆಗಸ್ಟಿನಲ್ಲಿ ಸೇರಿದವರ ಪರಿಶೀಲನೆ 2027–28ರ ಶೈಕ್ಷಣಿಕ ವರ್ಷಕ್ಕೆ ಬರುತ್ತದೆ. 2027ರಲ್ಲಿ ಸೇರುವ ವಿದ್ಯಾರ್ಥಿಗೆ ಅದು ಮೊದಲ ವರ್ಷವಾದ್ದರಿಂದ, ವಿಪರೀತವೇನಾದರೂ ಆದರೆ ಗೈಡನ್ನು ಬದಲಿಸಲು ಸಮಯವಿರುತ್ತದೆ. 2025ರಲ್ಲಿ ಸೇರಿದವರಿಗೆ ಅದೇ ಪರಿಶೀಲನೆ 2030–31ರಲ್ಲಿ, ಅಂದರೆ ನಿಮ್ಮ ನಾಲ್ಕನೆಯ ವರ್ಷದಲ್ಲಿ, ಪ್ರಬಂಧವು ಅರ್ಧ ಬರೆದು ಮೇಜಿನ ಮೇಲಿರುವಾಗ. ಮಗು ಹುಟ್ಟಿದ ಕಾರಣ ಮುಂತಾದವುಗಳಿಗಾಗಿ ಗಡಿಯಾರವನ್ನು ಒಂದು ವರ್ಷ ನಿಲ್ಲಿಸುವ ಸೌಲಭ್ಯವು ಅನೇಕ ಕಡೆ ಉಂಟಾದ್ದರಿಂದ, ಲೆಕ್ಕಕ್ಕಿಂತ ಒಂದೆರಡು ವರ್ಷ ಹೆಚ್ಚಾದುದನ್ನು ಕಂಡೊಡನೆ ದೋಷವೆಂದು ಬಗೆಯಬೇಡಿರಿ.

3. *ಪ್ರಕಟಣೆಗಳ ಪಟ್ಟಿಯಲ್ಲಿ ಕಳೆದ ಐದು ವರ್ಷಗಳನ್ನು ಮಾತ್ರ ತೆಗೆದುಕೊಂಡು ಹೆಸರುಗಳ ಅನುಕ್ರಮವನ್ನು ಗಮನಿಸಿರಿ.* ಮನಃಶಾಸ್ತ್ರದ ರೂಢಿಯಲ್ಲಿ ಕೆಲಸದ ಹೆಚ್ಚಿನ ಭಾರವನ್ನು ಹೊತ್ತವರ ಹೆಸರು ಮೊದಲು ಬರುತ್ತದೆ, ಪ್ರಯೋಗಾಲಯದ ಯಜಮಾನರದು ಕೊನೆಗೆ. ಅನೇಕರು ತಮ್ಮ ಸಿ.ವಿ.ಯಲ್ಲಿ ವಿದ್ಯಾರ್ಥಿಗಳ ಹೆಸರಿಗೆ ಒಂದು ನಕ್ಷತ್ರದ ಗುರುತನ್ನು ಹಾಕಿರುತ್ತಾರೆ. ಮೊದಲ ಸ್ಥಾನದಲ್ಲಿ ನಕ್ಷತ್ರಗಳು ಧಾರಾಳವಾಗಿ ಕಂಡರೆ ಅಲ್ಲಿ ಶಿಷ್ಯರಿಗೆ ಬೆಳಕಿದೆ. ಎಲ್ಲ ಪ್ರಬಂಧಗಳಲ್ಲಿಯೂ ಗುರುಗಳೇ ಮೊದಲಿಗರಾಗಿ, ನಕ್ಷತ್ರಗಳೆಲ್ಲ ನಡುವೆ ಹುದುಗಿದ್ದರೆ ಯೋಚಿಸಿರಿ. ಅಂದಹಾಗೆ, ಹೊಸದಾಗಿ ನೇಮಕವಾದವರ ಪಟ್ಟಿಯಲ್ಲಿ ಅವರ ಹೆಸರೇ ಮೊದಲು ಬರುವುದು ಸಹಜ. ಅವರಿಗೆ ಇನ್ನೂ ಶಿಷ್ಯರೇ ಇಲ್ಲ.

4. *ಹಣದ ಮೂಲವನ್ನು ಹುಡುಕಿರಿ.* ಅಲ್ಲಿಯ ಪ್ರಾಧ್ಯಾಪಕರಲ್ಲಿ ಬಹುಮಂದಿಗೆ ವಿಶ್ವವಿದ್ಯಾಲಯವು ಕೊಡುವುದು ಒಂಬತ್ತು ತಿಂಗಳ ಸಂಬಳ. ಬೇಸಗೆಯ ವೇತನವೂ ಪ್ರಯೋಗಾಲಯದ ವೆಚ್ಚವೂ ಎಷ್ಟೋ ಸಲ ವಿದ್ಯಾರ್ಥಿಯ ವೇತನವೂ ಅನುದಾನದಿಂದ ಬರತಕ್ಕವು. ಮುಖ್ಯ ದಾನಿಗಳು ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವಾದ ಎನ್‌ಎಸ್‌ಎಫ್. ಎರಡೂ ತಾವು ಕೊಟ್ಟ ಅನುದಾನಗಳ ವಿವರವನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತವೆ. ಎನ್‌ಐಎಚ್‌ನ ಸಂಗ್ರಹಕ್ಕೆ ರಿಪೋರ್ಟರ್ ಎಂದು ಹೆಸರು. ಪ್ರಾಧ್ಯಾಪಕರ ಹೆಸರನ್ನು ಕೊಟ್ಟರೆ ವಿಷಯ, ಮೊತ್ತ, ಆರಂಭದ ಹಾಗೂ ಮುಕ್ತಾಯದ ದಿನಾಂಕಗಳು ಕಣ್ಣೆದುರಿಗೆ ಬರುತ್ತವೆ. ಮುಕ್ತಾಯದ ದಿನಾಂಕವೇ ನಿಮಗೆ ಬೇಕಾದದ್ದು. ಆರ್01 ಎಂಬ ದೊಡ್ಡ ಅನುದಾನ ಐದು ವರ್ಷಗಳವರೆಗೆ ನಡೆಯಬಲ್ಲದು. ಅದು ನೀವು ಸೇರುವ ವರ್ಷವೇ ಮುಗಿಯುವಂತಿದ್ದರೆ, ಅದರ ನಂತರದ ಏರ್ಪಾಡೇನು ಎಂದು ಸಂದರ್ಶನದಲ್ಲಿ ವಿನಯದಿಂದ ಕೇಳಬಹುದು.

5. *ಹಿಂದಿನ ಶಿಷ್ಯರು ಈಗ ಎಲ್ಲಿದ್ದಾರೆಂದು ನೋಡಿರಿ.* ಪ್ರಯೋಗಾಲಯದ ಪರಿಚಯದಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇರುತ್ತದೆ. ಇಬ್ಬರು ಪ್ರಾಧ್ಯಾಪಕರಾಗಿ, ಮೂವರು ಕಂಪನಿಗಳಲ್ಲಿ ಸಂಶೋಧಕರಾಗಿದ್ದರೆ ಅದು ಆರೋಗ್ಯದ ಲಕ್ಷಣವೇ. ಪಟ್ಟಿಯಲ್ಲಿ ಸೇರಿದವರ ಹೆಸರಿದ್ದು ಮುಗಿಸಿದವರ ಹೆಸರು ವಿರಳವಾಗಿದ್ದರೆ ಅದಕ್ಕೆ ಕಾರಣವಿರಲೇಬೇಕು. ಈಗಿರುವ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರೊಡನೆ ಖಾಸಗಿಯಾಗಿ ಮಾತನಾಡಿರಿ. “ಗುರುಗಳು ಹೇಗೆ?” ಎಂದು ಕೇಳಿದರೆ “ಬಹಳ ಒಳ್ಳೆಯವರು” ಎಂಬ ಉತ್ತರವಲ್ಲದೆ ಬೇರೇನೂ ಬರುವುದಿಲ್ಲ. “ನೀವು ಕೊಟ್ಟ ಕರಡು ತಿದ್ದಿ ಬರಲು ಎಷ್ಟು ದಿನ ಹಿಡಿಯುತ್ತದೆ? ವಾರಕ್ಕೆ ಎಷ್ಟು ಸಲ ಭೇಟಿ?” ಎಂದು ಕೇಳಿರಿ, ಆಗ ಸಂಗತಿ ಹೊರಬೀಳುತ್ತದೆ.

6. *ಈ ವರ್ಷ ಶಿಷ್ಯರನ್ನು ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿರಿ.* ಬಹುಮಂದಿ ತಮ್ಮ ಪುಟದಲ್ಲಿ ಅಥವಾ ವಿಭಾಗದ ಪ್ರವೇಶ ಪ್ರಕಟಣೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ. ಅಲ್ಲಿ ಬರೆದಿರುವುದನ್ನೇ ಪತ್ರದಲ್ಲಿ ಮತ್ತೆ ಕೇಳುವುದು ಓದದೆ ಬರೆದುದಕ್ಕೆ ಸಾಕ್ಷಿ.

7. *ಇಷ್ಟಾದ ಮೇಲೆ ಪತ್ರ ಬರೆಯಿರಿ.* ಮೂರು ಸಣ್ಣ ಪರಿಚ್ಛೇದಗಳು ಸಾಕು. ಮೊದಲನೆಯದರಲ್ಲಿ ನೀವು ಯಾರು, ಎಲ್ಲಿ ಏನನ್ನು ಓದಿದಿರಿ. ಎರಡನೆಯದರಲ್ಲಿ ಅವರ ಇತ್ತೀಚಿನ ಒಂದು ಪ್ರಬಂಧವನ್ನು ಹೆಸರಿಸಿ, ಅದರಲ್ಲಿ ನಿಮಗೆ ಎದ್ದ ಒಂದು ಪ್ರಶ್ನೆ, ಆ ಪ್ರಶ್ನೆಗೂ ನೀವು ಈವರೆಗೆ ಮಾಡಿದ ಕೆಲಸಕ್ಕೂ ಇರುವ ಸಂಬಂಧ. ಮೂರನೆಯದರಲ್ಲಿ ಬರುವ ವರ್ಷಕ್ಕೆ ಅರ್ಜಿ ಹಾಕುವ ಉದ್ದೇಶ. ಉದಾಹರಣೆಗೆ, ದ್ವಿಭಾಷಾ ಮಕ್ಕಳ ಅವಧಾನವನ್ನು ಕುರಿತು ಅಲ್ಲಿಯವರೊಬ್ಬರು ಅಧ್ಯಯನ ನಡೆಸಿದ್ದು, ನೀವು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಉರ್ದು ಆಡುವ ಮಕ್ಕಳನ್ನು ಎಂ.ಎಸ್ಸಿ. ಪ್ರಬಂಧಕ್ಕಾಗಿ ಪರೀಕ್ಷಿಸಿದ್ದರೆ, ಮೂರನೆಯ ಭಾಷೆ ಸೇರಿದಾಗ ಅವರ ನಿರ್ಣಯ ನಿಲ್ಲುವುದೇ ಎಂಬ ಪ್ರಶ್ನೆಯೊಂದೇ ಪತ್ರವನ್ನು ಕೊನೆಯವರೆಗೆ ಓದಿಸುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಪಠ್ಯಪುಸ್ತಕದ ಹೆಸರುಗಳ ಬೆನ್ನು ಹತ್ತುವುದು.* ಪಠ್ಯಪುಸ್ತಕದಲ್ಲಿ ಒಬ್ಬರ ಹೆಸರು ಬರುವ ಹೊತ್ತಿಗೆ ಅವರ ಆ ಕೆಲಸಕ್ಕೆ ಎಷ್ಟೋ ಸಲ ಇಪ್ಪತ್ತು ಮೂವತ್ತು ವರ್ಷ ವಯಸ್ಸಾಗಿರುತ್ತದೆ. ಅಮೆರಿಕದಲ್ಲಿ ಟೆನ್ಯೂರ್ ಉಳ್ಳ ಅಧ್ಯಾಪಕರಿಗೆ ವಯಸ್ಸಿನ ಕಾರಣದಿಂದ ಕಡ್ಡಾಯ ನಿವೃತ್ತಿ ಎಂಬುದು 1994ರಿಂದ ಇಲ್ಲ. ಎಪ್ಪತ್ತೈದು ದಾಟಿದವರ ಹೆಸರೂ ಪಟ್ಟಿಯಲ್ಲಿ ಪ್ರೊಫೆಸರ್ ಎಂದೇ ಇರಬಹುದು. ಅವರು ಹೊಸ ಶಿಷ್ಯರನ್ನು ತೆಗೆದುಕೊಳ್ಳುತ್ತಾರೆಯೇ ಎಂಬುದು ಬೇರೆಯ ಮಾತು.

*ಎಚ್-ಇಂಡೆಕ್ಸನ್ನು ಅಂಕಪಟ್ಟಿಯಂತೆ ನೋಡುವುದು.* ಭೌತವಿಜ್ಞಾನಿ ಹೊರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಈ ಗಣನೆಯಂತೆ, ಒಬ್ಬರ ಇಪ್ಪತ್ತು ಪ್ರಬಂಧಗಳು ತಲಾ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ ಇಪ್ಪತ್ತು. ವಯಸ್ಸಾದಂತೆ ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮಿದುಳಿನ ಚಿತ್ರಣದಲ್ಲಿ ಹತ್ತಾರು ಮಂದಿ ಕೂಡಿ ಬರೆಯುವವರನ್ನೂ, ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಿ ಒಂದು ಪ್ರಬಂಧ ಬರೆಯುವವರನ್ನೂ ಇದರಿಂದ ಹೋಲಿಸುವುದು ನ್ಯಾಯವಲ್ಲ.

*ಪ್ರಬಂಧಗಳ ಸಂಖ್ಯೆಗೆ ಮರುಳಾಗುವುದು.* 2015ರಲ್ಲಿ ಬ್ರಯನ್ ನೊಸೆಕ್ ಮೊದಲಾದವರ ಬೃಹತ್ ತಂಡವೊಂದು ಮನಃಶಾಸ್ತ್ರದ ನೂರು ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದಾಗ, ಮೂಲದಲ್ಲಿ ನೂರಕ್ಕೆ 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಸಾರ್ಥಕವೆಂದು ತೋರಿದ್ದರೆ, ಪುನರಾವರ್ತನೆಯಲ್ಲಿ ಹಾಗೆ ತೋರಿದವು ಸುಮಾರು 36ರಷ್ಟು ಮಾತ್ರ. ಅಂದಿನಿಂದ ಈ ಶಾಸ್ತ್ರದಲ್ಲಿ ಮರ್ಯಾದೆಯ ಅಳತೆಗೋಲೇ ಬದಲಾಗುತ್ತ ಬಂದಿದೆ. ಅಧ್ಯಯನಕ್ಕೆ ಮುನ್ನವೇ ತಮ್ಮ ಯೋಜನೆಯನ್ನು ನೋಂದಾಯಿಸುವವರು, ದತ್ತಾಂಶವನ್ನು ಬಿಚ್ಚಿಡುವವರು, ನೂರಿನ್ನೂರು ಮಂದಿಯ ಬದಲು ಸಾವಿರಾರು ಮಂದಿಯನ್ನು ಪರೀಕ್ಷಿಸುವವರು ವರ್ಷಕ್ಕೆ ಹದಿನೈದು ಪ್ರಬಂಧ ಬರೆಯಲಾರರು. ಎರಡೇ ಬರೆದರೂ ಅಂತಹವರ ಬಳಿ ಕಲಿತ ವಿದ್ಯೆ ಬಹುಕಾಲ ಬಾಳುತ್ತದೆ.

*ಕ್ಲಿನಿಕಲ್ ಮನಃಶಾಸ್ತ್ರಕ್ಕೂ ಉಳಿದ ಶಾಖೆಗಳಿಗೂ ಒಂದೇ ಲೆಕ್ಕ ಹಾಕುವುದು.* ಸಾಮಾಜಿಕ, ಸಂಜ್ಞಾನಾತ್ಮಕ, ಬೆಳವಣಿಗೆಯ ಮನಃಶಾಸ್ತ್ರಗಳಿಗಿಂತ ಕ್ಲಿನಿಕಲ್ ಪಿಎಚ್.ಡಿ.ಗೆ ಸ್ಪರ್ಧೆ ಬಹಳ ಕಠಿನ. ಜೊತೆಗೆ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಅಮೆರಿಕದ ಮನಃಶಾಸ್ತ್ರ ಸಂಘದ ಮಾನ್ಯತೆ ಪಡೆದ ಪ್ರತಿಯೊಂದು ಡಾಕ್ಟರೇಟ್ ಕಾರ್ಯಕ್ರಮವೂ, ಎಷ್ಟು ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಎಷ್ಟು ಮಂದಿಗೆ ಇಂಟರ್ನ್‌ಶಿಪ್ ದೊರೆಯಿತು ಎಂಬುದನ್ನು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು. ಈ ಕೋಷ್ಟಕವನ್ನು ನೋಡದೆ ಅರ್ಜಿಯ ಶುಲ್ಕವನ್ನು ಕಟ್ಟಬೇಡಿರಿ.

*‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭಿಸುವುದು.* ಅರ್ಧಕ್ಕೆ ಅರ್ಧ ಪತ್ರಗಳು ಹೋಗುವುದು ಮಹಿಳೆಯರಿಗೆ. ಡಾಕ್ಟರ್ ಅಥವಾ ಪ್ರೊಫೆಸರ್ ಎಂದು ಬರೆದು ಅವರ ಕುಲನಾಮವನ್ನು ಸೇರಿಸಿದರೆ ಸಾಕಾದಷ್ಟು ಗೌರವವಾಯಿತು.

ಎಚ್ಚರಿಕೆಗಳು

ವಿದ್ಯಾರ್ಥಿಗಳಿಗೆ ನೇರವಾಗಿ ದೊರೆಯುವ ಪ್ರತಿಷ್ಠಿತ ಸಹಾಯಧನಗಳಲ್ಲಿ ಎನ್‌ಎಸ್‌ಎಫ್‌ನ ಪದವೀಧರ ಫೆಲೊಶಿಪ್, ಎನ್‌ಐಎಚ್‌ನ ಎಫ್31, ಇವು ಅಮೆರಿಕದ ಪೌರರಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಸಲ್ಲುವಂಥವು. ಭಾರತದಿಂದ ಹೋದವರು ಬೋಧನ ಸಹಾಯಕರಾಗಿ ಅಥವಾ ಗೈಡಿನ ಅನುದಾನದಲ್ಲಿ ಸಂಶೋಧನ ಸಹಾಯಕರಾಗಿ ಜೀವನ ಸಾಗಿಸಬೇಕಾಗುವುದು. ಆದ್ದರಿಂದಲೇ ನಾಲ್ಕನೆಯ ಸೂಚನೆಯನ್ನು ಅಲಕ್ಷಿಸಕೂಡದು. 2025ರಲ್ಲಿ ಸರ್ಕಾರಿ ಅನುದಾನಗಳು ಅನೇಕವು ನಡುವಿನಲ್ಲಿಯೇ ರದ್ದಾಗಿ, ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶವನ್ನು ಮೊಟಕುಗೊಳಿಸಿದುದರಿಂದ ಈ ಎಚ್ಚರ ಈಗ ಇಮ್ಮಡಿ ಅವಶ್ಯ. ಪ್ರವೇಶಪತ್ರದಲ್ಲಿ ಎಷ್ಟು ವರ್ಷಗಳ ವೇತನವನ್ನು ವಿಭಾಗವು, ಗೈಡ್ ಬದಲಾದರೂ, ಕೊಡುವುದಾಗಿ ಬರೆದಿದೆ ಎಂಬ ಒಂದು ವಾಕ್ಯವನ್ನು ಹುಡುಕಿ ಓದಿರಿ. ಬಾಯಿಮಾತಿನ ಭರವಸೆ ಸಾಲದು.

ಪ್ರಾಧ್ಯಾಪಕರು ಊರು ಬಿಡುವುದೂ ಸಾಮಾನ್ಯ. ನೆನಪಿನ ಮೇಲಿನ ಸಂಶೋಧನೆಗೆ ಹೆಸರಾದ ಎಲಿಜಬೆತ್ ಲಾಫ್ಟಸ್ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂರು ದಶಕಗಳಿದ್ದು 2002ರಲ್ಲಿ ಕ್ಯಾಲಿಫೋರ್ನಿಯದ ಅರ್ವೈನ್‌ಗೆ ಹೋದರು. ಡೇನಿಯಲ್ ಕಾನೆಮನ್ ಜೆರುಸಲೇಮ್, ವ್ಯಾಂಕೂವರ್, ಬರ್ಕ್ಲಿಗಳನ್ನು ದಾಟಿ 1993ರಲ್ಲಿ ಪ್ರಿ‌ನ್ಸ್‌ಟನ್ನಿಗೆ ಬಂದರು. ಹಿರಿಯರು ಹೀಗೆ ಹೊರಟಾಗ ಶಿಷ್ಯರನ್ನು ಜೊತೆಗೆ ಕರೆದೊಯ್ಯುವುದುಂಟು, ಬಿಟ್ಟುಹೋಗುವುದೂ ಉಂಟು. ನಿಮ್ಮ ವಿಷಯವನ್ನು ಬಲ್ಲ ಇನ್ನೊಬ್ಬರಾದರೂ ಇಲ್ಲದ ವಿಭಾಗಕ್ಕೆ ಒಬ್ಬರನ್ನೇ ನಂಬಿ ಹೋಗುವುದು ವಿವೇಕವಲ್ಲ.

ಭಾರತದಲ್ಲಿಯೇ ಸಂಶೋಧನೆ ಮಾಡುವವರಿಗೆ

ಇಲ್ಲಿ ಟೆನ್ಯೂರ್ ಎಂಬ ಆರನೆಯ ವರ್ಷದ ಗಂಡಾಂತರವಿಲ್ಲ. ಆದರೆ ಘಟ್ಟವನ್ನು ಓದುವ ಕೆಲಸ ತಪ್ಪುವುದಿಲ್ಲ. ಯು.ಜಿ.ಸಿ.ಯ 2022ರ ಪಿಎಚ್.ಡಿ. ನಿಯಮಾವಳಿಯಂತೆ ಏಕಕಾಲದಲ್ಲಿ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಿಂತ ಹೆಚ್ಚು ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಅವಧಿ. ಆದುದರಿಂದ ನೀವು ಮನಸ್ಸಿನಲ್ಲಿಟ್ಟುಕೊಂಡ ಗೈಡಿನ ಬಳಿ ಖಾಲಿ ಸ್ಥಾನವಿದೆಯೇ, ಅವರ ನಿವೃತ್ತಿ ಯಾವ ವರ್ಷ ಎಂಬ ಎರಡು ಪ್ರಶ್ನೆಗಳನ್ನು ವಿಭಾಗದ ಕಛೇರಿಯಲ್ಲಿ ಕೇಳುವುದರಲ್ಲಿ ಸಂಕೋಚ ಬೇಡ. “ಸಾರ್, ತಮ್ಮಲ್ಲಿ ಜಾಗ ಇದೆಯೇ?” ಎಂದು ಮೇಷ್ಟ್ರನ್ನೇ ಕೇಳಿದರೆ ತಪ್ಪು ತಿಳಿಯುವವರು ಕಡಿಮೆ.

ಕಾಲದ ವಿಚಾರ

ಅಮೆರಿಕದ ಮನಃಶಾಸ್ತ್ರ ವಿಭಾಗಗಳಲ್ಲಿ ಅರ್ಜಿಯ ಗಡುವು ಬಹುಪಾಲು ಡಿಸೆಂಬರ್ ಮೊದಲನೆಯ ದಿನದ ಆಸುಪಾಸು. ಜೂನ್ ತಿಂಗಳಲ್ಲಿ ಪಟ್ಟಿಯನ್ನು ಓದಲು ತೊಡಗಿ, ಆಗಸ್ಟ್ ಹೊತ್ತಿಗೆ ಹನ್ನೆರಡು ಹೆಸರುಗಳಿಗೆ ಇಳಿಸಿ, ಸೆಪ್ಟೆಂಬರಿನಲ್ಲಿ ಒಂದೊಂದೇ ಪತ್ರವನ್ನು ಬೇರೆ ಬೇರೆಯಾಗಿ ಬರೆಯಿರಿ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ, ಒಮ್ಮೆ ಮಾತ್ರ, ನೆನಪು ಮಾಡಿರಿ. ಆಗಲೂ ಬಾರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿರಿ.